ಮಾರುವವರ ಊರು ನೋಡಿ ಸರಕು ಹುಡುಕುವುದು ಹೇಗೆ?

ಮಂಡ್ಯ ಸುತ್ತಲಿನ ಆಲೆಮನೆಗಳ ಬೆಲ್ಲವನ್ನು ಮೈಸೂರಿನ ಗ್ರಾಹಕರಿಗೆ ತೋರಿಸುವ ಮೊಬೈಲ್ ಆ್ಯಪ್ ಒಂದನ್ನು ನೀವು ಕಟ್ಟುತ್ತಿದ್ದೀರಿ ಎಂದುಕೊಳ್ಳೋಣ. ಅದರ ಡೇಟಾಬೇಸಿನ ‘ಸರಕು’ ಟೇಬಲ್ಲಿನಲ್ಲಿ ಬೆಲ್ಲದ ಬಗೆ, ದರ ಮತ್ತು ಮಾರುವವರ ಗುರುತಿನ ಸಂಖ್ಯೆ ಮಾತ್ರ ಇರುತ್ತವೆ. ಅವರಿರುವ ಜಾಗದ ಅಕ್ಷಾಂಶ, ರೇಖಾಂಶಗಳು ‘ಬಳಕೆದಾರ’ ಟೇಬಲ್ಲಿನಲ್ಲಿರುತ್ತವೆ. ಹೀಗಿರುವಾಗ 40 ಕಿ.ಮೀ. ಒಳಗಿನ ಬೆಲ್ಲವನ್ನಷ್ಟೇ ತೋರಿಸಬೇಕಾದರೆ ಒಂದು ಟೇಬಲ್ಲಿನ ದಾಖಲೆಯನ್ನು ಇನ್ನೊಂದು ಟೇಬಲ್ಲಿನ ಜಾಗದಿಂದ ಸೋಸಬೇಕಾಗುತ್ತದೆ.

ಹತ್ತಿರದ ಬಳಕೆದಾರರ ಪಟ್ಟಿಯನ್ನು ಮೊದಲು ಫೋನಿಗೆ ತರಿಸಿಕೊಂಡು, ಅದೇ ಪಟ್ಟಿಯನ್ನು ಸರ್ವರಿಗೆ ಮರಳಿ ಕಳುಹಿಸಿ ಸರಕು ಕೇಳುವ ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಜನ ಹೆಚ್ಚಿದಂತೆ ಆ್ಯಪ್ ನಿಧಾನವಾಗುವುದು ಒಂದು ತೊಂದರೆಯಾದರೆ, ರೈತರ ಮನೆ ಎಲ್ಲಿದೆ ಎಂಬುದು ಅಪರಿಚಿತರ ಫೋನು ಸೇರುವುದು ಅದಕ್ಕಿಂತ ದೊಡ್ಡ ತೊಂದರೆ. ಸೋಸುವ ಕೆಲಸವೆಲ್ಲ ಸರ್ವರಿನಲ್ಲೇ ಮುಗಿದು, ಫೋನಿಗೆ ಸರಕಿನ ವಿವರ ಮತ್ತು ಅಂದಾಜು ದೂರ ಮಾತ್ರ ಬರಬೇಕು.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸುವವರು ಅದಕ್ಕೆ ಭೂಮಿಯ ಮೇಲಿನ ಜಾಗಗಳ ಲೆಕ್ಕ ಕಲಿಸುವ ಪೋಸ್ಟ್‌ಜಿಐಎಸ್ ಸೇರಿಸಿಕೊಂಡು, ಬಳಕೆದಾರ ಟೇಬಲ್ಲಿನಲ್ಲಿ ಜಾಗದ ಬಿಂದುವನ್ನಿಡುವ ‘ಜಿಯಾಗ್ರಫಿ’ ಬಗೆಯ ಕಾಲಂ ಮಾಡಿ, ಅದಕ್ಕೆ ‘ಜಿಸ್ಟ್’ ಇಂಡೆಕ್ಸ್ (ಹತ್ತಿರದ ಬಿಂದುಗಳನ್ನು ಬೇಗ ಹುಡುಕಿಕೊಡುವ ಸೂಚಿ) ಹಾಕಬೇಕು. ಬಿಂದುವನ್ನು ಬರೆಯುವಾಗ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಮೈಸೂರಿಗೆ ಸುಮಾರು 76.65, 12.30. ಈ ಎರಡು ಅದಲುಬದಲಾದರೆ ಮೈಸೂರು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಕಡಲಿಗೆ ಹೋಗಿ ಬೀಳುತ್ತದೆ, ಅಲ್ಲೂ ಅಂಥ ಬಿಂದುವೊಂದು ಇರುವುದರಿಂದ ಡೇಟಾಬೇಸ್ ಯಾವ ದೋಷವನ್ನೂ ತೋರಿಸುವುದಿಲ್ಲ. ಹುಡುಕಾಟ ಬರಿಗೈಯಲ್ಲಿ ಮರಳಿದಾಗ ನಾನು ಮೊದಲು ನೋಡುವುದು ಈ ಕ್ರಮವನ್ನೇ.

ಬಳಿಕ ಎರಡು ಟೇಬಲ್ಲುಗಳನ್ನು ಗುರುತಿನ ಸಂಖ್ಯೆಯ ಮೇಲೆ ಜಾಯಿನ್ ಮಾಡಿ (ಜೋಡಿಸಿ), ಎರಡು ಬಿಂದುಗಳು ಹೇಳಿದ ದೂರದೊಳಗಿವೆಯೇ ಎಂದು ನೋಡುವ ಪೋಸ್ಟ್‌ಜಿಐಎಸ್ ಫಂಕ್ಷನ್ ‘ಎಸ್‌ಟಿ_ಡಿವಿದಿನ್’ಗೆ ಮಾರುವವರ ಬಿಂದು, ಗ್ರಾಹಕರ ಬಿಂದು ಮತ್ತು 40000 ಎಂಬ ಅಳತೆಯನ್ನು ಕೊಡಿ; ಇಲ್ಲಿ ಲೆಕ್ಕ ಮೀಟರಿನಲ್ಲಿ. ‘ಎಸ್‌ಟಿ_ಡಿಸ್ಟನ್ಸ್’ನಿಂದ ದೂರ ಅಳೆದು 40000ಕ್ಕೆ ಹೋಲಿಸಿದರೂ ಉತ್ತರ ಬರುತ್ತದೆ, ಆದರೆ ಆಗ ಇಂಡೆಕ್ಸ್ ಉಪಯೋಗಕ್ಕೆ ಬಾರದೆ ಪ್ರತಿಯೊಬ್ಬರ ದೂರವನ್ನೂ ಅಳೆಯಬೇಕಾಗುತ್ತದೆ. ಇದು ನೇರ ಗೆರೆಯ ದೂರ ಎಂಬುದೂ ನೆನಪಿರಲಿ: ರಸ್ತೆಯಲ್ಲಿ ಸುಮಾರು 45 ಕಿ.ಮೀ. ಇರುವ ಮಂಡ್ಯ ನಗರ ಈ 40ರ ಒಳಗೇ ಬರುತ್ತದೆ.

ಗೂಗಲ್‌ನ ಕ್ಲೌಡ್ ಡೇಟಾಬೇಸ್ ಫೈರ್‌ಸ್ಟೋರಿನಲ್ಲಿ ಇಂಥ ಜಾಯಿನ್ ಸುಲಭವಲ್ಲ. ಅಲ್ಲಿ ಮಾರುವವರ ಜಾಗವನ್ನೂ ಅದರ ಜಿಯೋಹ್ಯಾಶನ್ನೂ (ಜಾಗವನ್ನು ಸೂಚಿಸುವ ಅಕ್ಷರ-ಅಂಕಿಗಳ ಚಿಕ್ಕ ಸಂಕೇತ) ಪ್ರತಿ ಸರಕಿನ ದಾಖಲೆಗೆ ನಕಲು ಮಾಡಿಟ್ಟು, ಅವರು ಜಾಗ ಬದಲಿಸಿದಾಗ ನಕಲುಗಳನ್ನೆಲ್ಲ ತಿದ್ದಬೇಕು.

ಮಾರುವವರು ಇರುವಲ್ಲೇ ಸರಕೂ ಇರುತ್ತದೆಯೇ ಎಂಬುದನ್ನು ಮಾತ್ರ ವಿಚಾರಿಸಿಕೊಳ್ಳಿ. ಮೈಸೂರಿನ ಕುವೆಂಪುನಗರದಲ್ಲಿ ವಾಸವಿದ್ದು ಪಾಂಡವಪುರದ ಕಡೆ ಆಲೆಮನೆ ನಡೆಸುವವರ ಬೆಲ್ಲವನ್ನು ಅವರ ಫೋನಿನ ಜಾಗದಿಂದ ಹುಡುಕಿದರೆ ಉತ್ತರ ತಪ್ಪುತ್ತದೆ. ಅಂಥವರಿಗಾಗಿ ಸರಕು ಸೇರಿಸುವ ಪುಟದಲ್ಲೇ ಆಲೆಮನೆಯ ಜಾಗವನ್ನು ಕೇಳುವ ಒಂದು ಖಾನೆ ಇಡಬೇಕು.