ಹತ್ತನೆಯ ತರಗತಿಯ ಮಕ್ಕಳ ನಿದ್ದೆ: ಪೋಷಕರಿಗೊಂದು ಸಲಹೆ

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಪೋಷಕರಲ್ಲಿ ಒಂದು ವಿನಂತಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಮಕ್ಕಳನ್ನು ನಸುಕಿನ ನಾಲ್ಕಕ್ಕೇ ಎಬ್ಬಿಸಿ ಓದಲು ಕೂರಿಸುವ ಪದ್ಧತಿ ನಮ್ಮ ಹಲವು ಮನೆಗಳಲ್ಲಿದೆ. ದಯವಿಟ್ಟು ಅದನ್ನು ಕೈಬಿಡಿ. ಹದಿಹರೆಯದಲ್ಲಿ ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸತೊಡಗುವುದರಿಂದ ಬಹಳಷ್ಟು ಮಕ್ಕಳಿಗೆ ಬೇಗನೆ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಎಚ್ಚರವೂ ಆಗುವುದಿಲ್ಲ. ಇದನ್ನು ಸೋಮಾರಿತನವೆಂದು ಬೈಯುವುದು ಅನ್ಯಾಯ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆಯೇ ಆಧಾರ, ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ಗಾಢನಿದ್ದೆಯಲ್ಲೇ.

ಗಣಿತ, ಭೌತಶಾಸ್ತ್ರದಂತಹ ಕಠಿಣ ವಿಷಯಗಳನ್ನು ಸಂಜೆ ಕಾಫಿ ತಿಂಡಿಯಾದ ಮೇಲೆ, ಮನಸ್ಸು ಚುರುಕಾಗಿರುವಾಗಲೇ ಓದಿಸಿ. ರಾತ್ರಿ ಒಂಬತ್ತೂವರೆಯ ಬಳಿಕ ಮಕ್ಕಳದ್ದಷ್ಟೇ ಅಲ್ಲ, ಅಪ್ಪ ಅಮ್ಮನ ಮೊಬೈಲುಗಳೂ ಚಾವಡಿಯಲ್ಲೇ ಚಾರ್ಜಿಗಿರಲಿ. ಹಿರಿಯರು ಪಾಲಿಸದ ನಿಯಮವನ್ನು ಈ ವಯಸ್ಸಿನವರು ಒಪ್ಪುವುದಿಲ್ಲ. ರಜಾದಿನವೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಹಿಂದೆ ಮುಂದೆ ಆಗದಿದ್ದರೆ ಸೋಮವಾರ ಎಬ್ಬಿಸುವುದು ಸುಲಭ.

ಸಾಕಷ್ಟು ನಿದ್ದೆ ಮಾಡಿಯೂ ದಣಿವು, ಏಕಾಗ್ರತೆಯ ಕೊರತೆ ಕಾಣುತ್ತಿದ್ದರೆ, ವಿಶೇಷವಾಗಿ ಮುಟ್ಟು ಆರಂಭವಾದ ಹೆಣ್ಣುಮಕ್ಕಳಲ್ಲಿ, ರಕ್ತಹೀನತೆ ಇದೆಯೇ ಎಂದು ತಿಳಿಯಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯದೆ ಊಟದ ನಂತರ ನುಂಗಲು ಹೇಳಿ. ಅದರೊಂದಿಗೆ ಚಹಾ, ಕಾಫಿ ಬೇಡ, ಅವು ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಡೆಯುತ್ತವೆ.