ಕಾಲು ಕಿಲೋ ಸೋಯಾ ಕಾಳು, ಎರಡು ದಿನದ ಅಡುಗೆ

ನಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ತಿನ್ನುವವರಿಲ್ಲ. ಬೆಳೆಯುವ ಇಬ್ಬರು ಮಕ್ಕಳಿದ್ದಾರೆ, ವಯಸ್ಸಾದ ಅತ್ತೆಯವರಿದ್ದಾರೆ. ಬೇಳೆ, ಮೊಸರಿನ ಜೊತೆಗೆ ಇನ್ನಷ್ಟು ಪ್ರೋಟೀನ್ ಕೊಡಬೇಕು ಎಂದರೆ ಎಲ್ಲರೂ ಹೇಳುವುದು ಪನೀರ್. ಅದನ್ನು ವಾರವಾರ ತರುವಷ್ಟು ಅನುಕೂಲ ನಮಗಿಲ್ಲ. ಸೋಯಾ ಕಾಳಿನ ಹಾಲು ಒಡೆದು ಮಾಡುವ, ಪನೀರಿನಂತೆಯೇ ಕಾಣುವ ಟೋಫು ತರೋಣವೆಂದರೆ ದಾವಣಗೆರೆಯ ದೊಡ್ಡ ಅಂಗಡಿಗಳಲ್ಲಿ ಸಿಗುವ ಪ್ಯಾಕೆಟ್ಟಿನ ಬೆಲೆಯೂ ಕಡಿಮೆಯೇನಲ್ಲ. ಕಾಳಿನ ಬೆಲೆ ನೋಡಿದ ಮೇಲೆ ನನಗೆ ಇದು ಸರಿ ಕಾಣಲಿಲ್ಲ, ಟೋಫುವನ್ನು ಮನೆಯಲ್ಲೇ ಮಾಡತೊಡಗಿದೆ. 2025–26ರ ಸಾಲಿಗೆ ಸೋಯಾ ಅವರೆಯ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328 ರೂಪಾಯಿ, ಅಂದರೆ ಕಿಲೋಗೆ 53 ರೂಪಾಯಿ ಚಿಲ್ಲರೆ. ನಮ್ಮ ಸುತ್ತಿನ ಹೊಲಗಳಲ್ಲಿ ಮೆಕ್ಕೆಜೋಳವೇ ಹೆಚ್ಚು. ಆದರೆ ಪಕ್ಕದ ಹಾವೇರಿ, ಅದರಾಚೆ ಧಾರವಾಡ, ಬೆಳಗಾವಿ ಕಡೆ ಸೋಯಾ ಚೆನ್ನಾಗಿ ಬೆಳೆಯುತ್ತಾರೆ. ಚಿಲ್ಲರೆಗೆ ಕೊಂಡರೆ ಬೆಲೆ ಏರುತ್ತದೆ, ನಿಜ. ಆದರೂ ಕಾಲು ಕಿಲೋ ಕಾಳು, ಎರಡು ನಿಂಬೆಹಣ್ಣು, ಗ್ಯಾಸಿನ ಖರ್ಚು ಎಲ್ಲ ಸೇರಿ ನನಗೆ ನಲವತ್ತು ರೂಪಾಯಿ ದಾಟುವುದಿಲ್ಲ.

ತೊಗರಿಬೇಳೆಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದ್ದರೆ, ಒಣ ಸೋಯಾ ಕಾಳಿನಲ್ಲಿ 36 ಗ್ರಾಂಗೂ ಹೆಚ್ಚಿರುತ್ತದೆ. ಮೀಲ್ ಮೇಕರ್ ಎಂದು ನಾವು ಪಲಾವಿಗೆ ಹಾಕುವ ಉಂಡೆಯೂ ಇದೇ ಕಾಳಿನದು, ಎಣ್ಣೆ ತೆಗೆದ ಹಿಟ್ಟಿನಿಂದ ಮಾಡಿದ್ದು.

ಕಾಳನ್ನು ರಾತ್ರಿ ನೆನೆಸುತ್ತೇನೆ. ಚಳಿಗಾಲದಲ್ಲಿ ಹತ್ತು ಗಂಟೆಯಾದರೂ ಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಆರೇಳು ಗಂಟೆ ಸಾಕು, ಹೆಚ್ಚು ಬಿಟ್ಟರೆ ನೀರು ನೊರೆಗಟ್ಟಿ ಹುಳಿ ವಾಸನೆ ಬರುತ್ತದೆ. ನೆನೆದಿದೆಯೇ ಎಂದು ತಿಳಿಯಲು ಒಂದು ಕಾಳನ್ನು ಉಗುರಿನಿಂದ ಎರಡು ಹೋಳು ಮಾಡಿ ಒಳಮೈ ನೋಡುತ್ತೇನೆ. ನಡುವೆ ತಗ್ಗು ಕಂಡರೆ ಇನ್ನೂ ನೆನೆಯಬೇಕು. ಹೋಳಿನ ಒಳಮೈ ಸಪಾಟಾಗಿ, ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣವಿದ್ದರೆ ರುಬ್ಬಬಹುದು. ಈ ಒಂದು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ, ಅರ್ಧ ನೆನೆದ ಕಾಳು ಹಾಲು ಬಿಡುವುದಿಲ್ಲ.

ಸೋಯಾದ ಹಸಿ ವಾಸನೆಗೆ ಹಲವರು ಮೂಗು ಮುರಿಯುತ್ತಾರೆ. ಕಾಳು ತಣ್ಣೀರಿನಲ್ಲಿ ಅರೆದಾಗ ಅದರೊಳಗಿನ ಒಂದು ಕಿಣ್ವ ಕೆಲಸ ಶುರು ಮಾಡುವುದರಿಂದ ಆ ವಾಸನೆ ಹುಟ್ಟುತ್ತದೆ. ಅದಕ್ಕೇ ನಾನು ಮಿಕ್ಸಿಯ ಜಾರಿಗೆ ಬಿಸಿನೀರು ಹಾಕಿ, ಸ್ವಲ್ಪಸ್ವಲ್ಪವಾಗಿ ನುಣ್ಣಗೆ ರುಬ್ಬುತ್ತೇನೆ. ಕಾಲು ಕಿಲೋ ಕಾಳಿಗೆ ಒಟ್ಟು ಎರಡು ಲೀಟರ್ ನೀರು. ರುಬ್ಬಿದ್ದನ್ನು ಹಳೆಯ ಹತ್ತಿ ಪಂಚೆಯ ತುಂಡಿಗೆ ಸುರಿದು ಗಟ್ಟಿಯಾಗಿ ಹಿಂಡಬೇಕು. ಬಟ್ಟೆಯಲ್ಲಿ ಉಳಿಯುವ ಚರಟವನ್ನು ಎತ್ತಿಡಿ, ಎಸೆಯಬೇಡಿ.

ಹಾಲನ್ನು ಅಗಲವಾದ, ಎತ್ತರದ ಪಾತ್ರೆಯಲ್ಲಿಯೇ ಕಾಯಿಸಬೇಕು. ಇದರ ನೊರೆ ಮೋಸ ಮಾಡುತ್ತದೆ. ಕುದಿ ಬರುವ ಮೊದಲೇ ಕಂಠದವರೆಗೆ ಏರಿ, ಕುದಿದಂತೆ ತೋರುತ್ತದೆ. ಅಷ್ಟಕ್ಕೇ ಒಲೆ ಆರಿಸಿದರೆ ಹಾಲು ಹಸಿಯಾಗಿಯೇ ಉಳಿಯುತ್ತದೆ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗಲು ಅಡ್ಡಿ ಮಾಡುವ ಅಂಶವಿದೆ, ಹೊಟ್ಟೆ ಕೆಡುತ್ತದೆ. ಉರಿ ತಗ್ಗಿಸಿ, ತಳ ಹತ್ತದಂತೆ ಸೌಟಿನಲ್ಲಿ ಕೆರೆಯುತ್ತಾ, ನಿಜವಾದ ಕುದಿ ಬಂದ ಮೇಲೆ ಹತ್ತು ಹದಿನೈದು ನಿಮಿಷ ಕುದಿಸುತ್ತೇನೆ. ಇಲ್ಲಿ ಅವಸರ ಕೂಡದು.

ಒಲೆ ಆರಿಸಿ ಎರಡು ಮೂರು ನಿಮಿಷ ಬಿಟ್ಟು, ಎರಡು ದಪ್ಪ ನಿಂಬೆಹಣ್ಣಿನ ರಸವನ್ನು ಅರ್ಧ ಬಟ್ಟಲು ನೀರಿನಲ್ಲಿ ಬೆರೆಸಿ ಮೂರು ಕಂತಿನಲ್ಲಿ ಹಾಕುತ್ತೇನೆ. ಸೌಟಿನಿಂದ ಒಂದೆರಡು ಸುತ್ತು ಮೆಲ್ಲಗೆ ತಿರುಗಿಸಿ ಕೈ ತೆಗೆಯಬೇಕು, ಕಲಕುತ್ತಲೇ ಇದ್ದರೆ ಪುಡಿಪುಡಿಯಾಗುತ್ತದೆ. ಮುಚ್ಚಳ ಮುಚ್ಚಿ ಹತ್ತು ನಿಮಿಷದ ಮೇಲೆ ನೋಡಿದರೆ ಬಿಳಿ ಗಡ್ಡೆಗಳು ಬೇರೆ, ತಿಳಿ ಹಳದಿ ನೀರು ಬೇರೆ ಆಗಿರುತ್ತವೆ. ನೀರು ಇನ್ನೂ ಹಾಲುಹಾಲಾಗಿದ್ದರೆ ಒಂದು ಚಮಚ ರಸ ಸೇರಿಸಿದರಾಯಿತು. ಬೇಸಿಗೆಯಲ್ಲಿ ನಿಂಬೆಹಣ್ಣಿನ ಬೆಲೆ ಏರಿದಾಗ ವಿನಿಗರ್ ಬಳಸುತ್ತೇನೆ. ಚೀನಾದವರು ಜಿಪ್ಸಮ್, ಜಪಾನಿನವರು ಸಮುದ್ರದ ಉಪ್ಪಿನಿಂದ ಸಿಗುವ ನಿಗಾರಿ ಹಾಕುತ್ತಾರೆ. ಅದರಿಂದ ಟೋಫು ಹೆಚ್ಚು ನಯವಾಗುತ್ತದೆ. ನಿಂಬೆರಸದ್ದು ಸ್ವಲ್ಪ ಉದುರು, ಸಣ್ಣ ಹುಳಿ. ನಮ್ಮ ಮಸಾಲೆಗೆ ಆ ಹುಳಿ ಚೆನ್ನಾಗಿಯೇ ಹೊಂದುತ್ತದೆ.

ಗಡ್ಡೆಯನ್ನು ಬಟ್ಟೆ ಹಾಸಿದ ತೂತಿನ ಪಾತ್ರೆಗೆ ಸುರಿದು, ಮಡಚಿ, ಮೇಲೆ ತಟ್ಟೆಯಿಟ್ಟು ಕುಟ್ಟಾಣಿಯ ಭಾರ ಹೇರುತ್ತೇನೆ. ಅರ್ಧ ಗಂಟೆಯಲ್ಲಿ 300ರಿಂದ 400 ಗ್ರಾಂ ತೂಗುವ ಗಟ್ಟಿ ತುಂಡು ಸಿದ್ಧ. ಉಳಿದ ತಿಳಿನೀರನ್ನು ಸಾರಿಗೆ ಹಾಕಿ ಹುಣಸೆಹಣ್ಣು ಕಡಿಮೆ ಮಾಡುತ್ತೇನೆ.

ಇನ್ನು ಅಡುಗೆ. ಟೋಫುವನ್ನು ಪನೀರ್ ಎಂದುಕೊಂಡು ಪಾಲಕ್ ಗ್ರೇವಿಯಲ್ಲಿ ತೇಲಿಬಿಟ್ಟರೆ ಮನೆಯವರು ಒಂದು ಹೋಳು ತಿಂದು ಉಳಿದದ್ದನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಪನೀರ್‌ನಲ್ಲಿ ಹಾಲಿನ ಕೊಬ್ಬು ಇದೆ, ಅದಕ್ಕೇ ಅದು ಸಪ್ಪೆಯಿದ್ದರೂ ನಾಲಿಗೆಗೆ ಒಪ್ಪುತ್ತದೆ. ಟೋಫುವಿಗೆ ಆ ಬಲವಿಲ್ಲ, ಅದು ಬದನೆಕಾಯಿಯ ಹಾಗೆ, ಮಸಾಲೆ ಕುಡಿದರೆ ಮಾತ್ರ ರುಚಿ. ನಮ್ಮ ಅತ್ತೆಯವರು ಮೊದಲ ಸಲ ಬಾಯಿಗಿಟ್ಟು, “ಎಣ್ಣೆಗಾಯಿ ಮಸಾಲೆ ಹಾಕಿ ನೋಡಮ್ಮ” ಎಂದರು. ಅಂದಿನಿಂದ ನಮ್ಮ ಮನೆಯ ಟೋಫು ಎಂದರೆ ಅದೇ.

ಹೋಳುಗಳನ್ನು ಮೊದಲು ಚೆನ್ನಾಗಿ ಉಪ್ಪು ಬೆರೆಸಿದ ಕುದಿನೀರಿನಲ್ಲಿ ಹತ್ತು ನಿಮಿಷ ಬಿಡುತ್ತೇನೆ. ಹೊರಮೈಗೆಲ್ಲ ಉಪ್ಪು ಹಿಡಿಯುತ್ತದೆ. ತೆಗೆದು ಬಟ್ಟೆಯಲ್ಲಿ ಒತ್ತಿ ಒರೆಸಿ, ಕಬ್ಬಿಣದ ಕಾವಲಿಯ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಹರಡುತ್ತೇನೆ. ಸುಮ್ಮಸುಮ್ಮನೆ ಕೆದಕಬಾರದು. ಅಡಿ ಕೆಂಪಗಾದ ಹೋಳು ತಾನಾಗಿಯೇ ಕಾವಲಿ ಬಿಡುತ್ತದೆ, ಆಗ ಮಗುಚಿ ಹಾಕಬೇಕು. ಕರಿಯುವುದಂತೂ ಬೇಡವೇ ಬೇಡ. ಎಣ್ಣೆಯ ಈಗಿನ ಬೆಲೆಗೆ ಉಳಿತಾಯವೆಲ್ಲ ಬಾಣಲೆಗೇ ಹೋಗುತ್ತದೆ.

ಮಸಾಲೆಗೆ ಹುರಿದ ಶೇಂಗಾ, ಗುರೆಳ್ಳು, ಸ್ವಲ್ಪ ಎಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ, ಕೆಂಪು ಖಾರ, ಹುಣಸೆಹುಳಿ, ಒಂದು ಚೂರು ಬೆಲ್ಲ. ಈರುಳ್ಳಿ ಬಾಡಿಸಿ, ಅರೆದ ಮಸಾಲೆ ಹಾಕಿ ಎಣ್ಣೆ ಬಿಡುವವರೆಗೆ ಕುದಿಸಿ, ಕೆಂಪಾದ ಹೋಳುಗಳನ್ನು ಸೇರಿಸಿ ಸಣ್ಣ ಉರಿಯಲ್ಲಿ ಇನ್ನೊಂದು ಹತ್ತು ನಿಮಿಷ. ಮಾಡಿದ ಕೂಡಲೇ ಉಣ್ಣುವುದಕ್ಕಿಂತ ಒಂದು ಗಂಟೆ ಮುಚ್ಚಿಟ್ಟು ಉಂಡರೆ ರುಚಿ ಬೇರೆಯೇ. ಜೋಳದ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ಅವಸರದ ದಿನಗಳಲ್ಲಿ ಟೋಫುವನ್ನು ಕೈಯಲ್ಲೇ ಪುಡಿ ಮಾಡಿ ಮೆಂತ್ಯ ಸೊಪ್ಪಿನ ಪಲ್ಯಕ್ಕೆ ಬೆರೆಸುತ್ತೇನೆ. ಮಕ್ಕಳ ಡಬ್ಬಿಗೆ ಅದನ್ನೇ ಚಪಾತಿಯಲ್ಲಿ ಸುತ್ತಿಕೊಟ್ಟರೆ ಡಬ್ಬಿ ಖಾಲಿಯಾಗಿ ಬರುತ್ತದೆ.

ಎತ್ತಿಟ್ಟ ಚರಟದಲ್ಲಿ ನಾರಿನಂಶ ತುಂಬ ಇದೆ, ಪ್ರೋಟೀನೂ ಒಂದಿಷ್ಟು ಉಳಿದಿರುತ್ತದೆ. ನಾನು ಕುದಿಸುವ ಮೊದಲೇ ಹಿಂಡುವುದರಿಂದ ಅದು ಹಸಿ, ಪೂರ್ತಿ ಬೇಯಲೇಬೇಕು. ಒಂದು ಬಟ್ಟಲು ಚರಟಕ್ಕೆ ಅಷ್ಟೇ ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಸೊಪ್ಪು ಹಾಕಿ ಕಲಸಿ, ತೆಳ್ಳಗೆ ತಟ್ಟಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎರಡೂ ಬದಿ ಬೇಯಿಸುತ್ತೇನೆ. ರೊಟ್ಟಿ ಮೆತ್ತಗಿರುತ್ತದೆ, ಶೇಂಗಾ ಚಟ್ನಿಪುಡಿ, ಮೊಸರು ಇದ್ದರೆ ಬೆಳಗಿನ ತಿಂಡಿ ಮುಗಿಯಿತು. ನೆನೆಸಿದ ಕಡಲೆಬೇಳೆ ತರಿತರಿಯಾಗಿ ರುಬ್ಬಿ ಬೆರೆಸಿದರೆ ವಡೆಯೂ ಆಗುತ್ತದೆ, ಅದನ್ನು ಪಡ್ಡಿನ ಕಾವಲಿಯಲ್ಲಿ ಬೇಯಿಸಿದರೆ ಎಣ್ಣೆ ಕಡಿಮೆ ಸಾಕು. ಚರಟ ಬೇಗ ಹಳಸುತ್ತದೆ, ಅದೇ ದಿನ ಇಲ್ಲವೇ ಫ್ರಿಜ್‌ನಲ್ಲಿಟ್ಟು ಮರುದಿನ ಮುಗಿಸಬೇಕು.

ಉಳಿದ ಟೋಫುವನ್ನು ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಟ್ಟು ದಿನವೂ ನೀರು ಬದಲಿಸಿದರೆ ಮೂರು ದಿನ ಚೆನ್ನಾಗಿರುತ್ತದೆ. ಅದಕ್ಕಿಂತ ಹೆಚ್ಚು ದಿನಕ್ಕೆ ಬೇಕಾದರೆ ನೀರು ಬಸಿದು ಫ್ರೀಜರ್‌ನಲ್ಲಿಡಿ. ಕರಗಿದ ಮೇಲೆ ಅದರ ಮೈಯೆಲ್ಲ ಸಣ್ಣ ತೂತುಗಳಾಗಿರುತ್ತವೆ. ಹಿಂಡಿ ಮಸಾಲೆಗೆ ಹಾಕಿದರೆ ಹೊಸದಕ್ಕಿಂತ ಹೆಚ್ಚು ಖಾರ, ಹುಳಿ ಹೀರಿಕೊಳ್ಳುತ್ತದೆ.