ಅಜ್ಜಿಯರಿಗೆ ಅಚ್ಚಗನ್ನಡ, ಸವಾರರಿಗೆ ಸಂಸ್ಕೃತ

ಐದು ಸಾವಿರ ವರ್ಷದ ಹಿಂದಿನ ಯುರೋಪಿನ ಕತೆ ಕನ್ನಡದಲ್ಲಿ ಯಾರಿಗೆ ಬೇಕು ಎಂದು ಮೂವರು ಪ್ರಕಾಶಕರು ನನ್ನ ಕಾದಂಬರಿಯ ಹಸ್ತಪ್ರತಿ ವಾಪಸು ಕೊಟ್ಟರು. 500 ಪ್ರತಿ ನಾನೇ ಅಚ್ಚು ಹಾಕಿಸಿದೆ. ಖರ್ಚು 90,000ದ ಆಸುಪಾಸು. ಅದರಲ್ಲಿ ಅರ್ಧ ಸೊಸೈಟಿ ಸಾಲ. ಒಂದೂಕಾಲು ವರ್ಷದಲ್ಲಿ ಸಾಲ ತೀರಿತು. ಈಗ ಉಳಿದಿರುವುದು 40 ಪ್ರತಿ ಇರಬಹುದು.

ಕತೆ ನಡೆಯುವುದು ಈಗಿನ ಉಕ್ರೇನಿನಲ್ಲಿ, ಟ್ರಿಪಿಲ್ಯ ಎಂಬ ಹಳೆಯ ಬೇಸಾಯಗಾರ ಸಂಸ್ಕೃತಿಯ ಕೊನೆಗಾಲದಲ್ಲಿ. ಒಂದು ಕಡೆ ತಾಯಂದಿರ ಮಾತು ನಡೆಯುವ ಬೇಸಾಯದ ಊರು, ಇನ್ನೊಂದು ಕಡೆ ಎತ್ತಿನ ಬಂಡಿ ಕಟ್ಟಿಕೊಂಡು ಹುಲ್ಲುಗಾವಲಿನಿಂದ ಬರುವ ಯಮ್ನಾಯ ಅಲೆಮಾರಿಗಳು. ಹುಲ್ಲುಗಾವಲಿನವರ ವಲಸೆಯ ವಾದವನ್ನು ಪುರಾತತ್ವಜ್ಞೆ ಮಾರಿಯಾ ಗಿಂಬುಟಾಸ್ 1956ರಲ್ಲೇ ಮಂಡಿಸಿದ್ದರು. 2015ರ ಡಿಎನ್‌ಎ ಅಧ್ಯಯನಗಳು ಆ ವಲಸೆಗೆ ಬಲ ಕೊಟ್ಟವು. ಅದಕ್ಕೂ ಮೊದಲು ಅಲ್ಲಿ ಹೆಣ್ಣಾಳ್ವಿಕೆ ಇತ್ತು ಎಂಬ ಮಾತು ಮಾತ್ರ ಇನ್ನೂ ಜಗಳದಲ್ಲೇ ಇದೆ.

ನನ್ನ ಮೊದಲ ಕರಡು ಕೆಟ್ಟದ್ದೂ ಅಲ್ಲೇ. ನಾಲ್ಕು ವರ್ಷ, 600 ಪುಟ. ಹೆಂಗಸರೆಲ್ಲ ದೇವತೆಯರು, ಅಲೆಮಾರಿ ಸವಾರರೆಲ್ಲ ರಕ್ಕಸರು. ಬಲ್ಗೇರಿಯದ ವಾರ್ನಾದಲ್ಲಿ 1972ರಲ್ಲಿ ಸಿಕ್ಕ, ಸವಾರರು ಬರುವುದಕ್ಕೂ ಮೊದಲಿನ ಸ್ಮಶಾನದ ವಿವರ ಓದಿದಾಗ ಎಲ್ಲ ಕುಸಿಯಿತು. ಅಲ್ಲಿ ಸುಮಾರು 6 ಕಿಲೋ ಚಿನ್ನ ಸಿಕ್ಕಿತ್ತು. 43ನೇ ಗುಂಡಿಯಲ್ಲಿ ಅದರ ಒಂದು ಪಾಲನ್ನು ಮೈತುಂಬ ಹೊತ್ತು ಮಲಗಿದ್ದವನು ಗಂಡಸು. ರಥಗಳ ಕಾಳಗ ಬರೆದಿದ್ದ 60 ಪುಟವೂ ಹೋಯಿತು. ಅರಗಳಿರುವ ಗಾಲಿಯ ರಥ ಬಂದದ್ದು ಸಾವಿರ ವರ್ಷ ಆಮೇಲೆ.

ದಾರಿ ಸಿಕ್ಕಿದ್ದು ನಮ್ಮ ಅಳಿಯಕಟ್ಟಿನ ಮನೆಯಲ್ಲಿ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿದರೂ ಲೆಕ್ಕದ ಪುಸ್ತಕ ದೊಡ್ಡಮಾವನ ಕೈಯಲ್ಲಿತ್ತು. ಆದರೆ ಅಜ್ಜಿ ಅಕ್ಕಿಮುಡಿಯ ಹಗ್ಗ ಬಿಚ್ಚುವವರೆಗೆ ಆ ಮನೆಯಲ್ಲಿ ಮದುವೆಯ ಮಾತು ಮುಂದೆ ಹೋಗುತ್ತಿರಲಿಲ್ಲ. ನನ್ನ ಕತೆಯ ಊರಿನ ಅಧಿಕಾರವನ್ನು ಹಾಗೆ ಬರೆದೆ.

ಭಾಷೆಯದ್ದೇ ದೊಡ್ಡ ಕೆಲಸ. ಟ್ರಿಪಿಲ್ಯದವರ ನುಡಿ ಯಾರಿಗೂ ಗೊತ್ತಿಲ್ಲ. ಅಲೆಮಾರಿಗಳದ್ದು ಸಂಸ್ಕೃತದ ಹಳೆಯ ಮೂಲ ಎಂಬುದು ಹೆಚ್ಚಿನವರ ಅಭಿಪ್ರಾಯ. ಹಾಗಾಗಿ ಊರಿನವರ ಬಾಯಿಗೆ ಒಂದೂ ಸಂಸ್ಕೃತ ಪದ ಹಾಕಲಿಲ್ಲ. ಆಂಡಯ್ಯ ‘ಕಬ್ಬಿಗರ ಕಾವ’ವನ್ನು ತತ್ಸಮ ಬಿಟ್ಟು ಬರೆದವನಲ್ಲವೇ, ಅದೇ ಧೈರ್ಯ. ಊರಿನವಳು ‘ಕುದುರೆ’ ಎಂದರೆ ಸವಾರ ‘ಅಶ್ವ’ ಎನ್ನುತ್ತಾನೆ. ಅವಳ ‘ಗಾಲಿ’ ಅವನಿಗೆ ‘ಚಕ್ರ’. ಓದುಗರು ಎಡವುತ್ತಾರೆ ಎಂದು ಗೆಳೆಯರೆಲ್ಲ ಹೆದರಿಸಿದರು, ಯಾರೂ ಎಡವಲಿಲ್ಲ. ಸವಾರರ ಪದಗಳು ಯಾವ ಕ್ರಮದಲ್ಲಿ ಊರೊಳಗೆ ಸೇರುತ್ತವೆ ಎಂಬುದನ್ನು ಇಲ್ಲಿ ಬಿಡಿಸುವುದಿಲ್ಲ, ಮುಂದಿನ ಭಾಗಕ್ಕೂ ಅದು ಬೇಕು.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ಟ್ರಿಪಿಲ್ಯದ ಮನೆಗಳು ಸುಟ್ಟು ಕೆಂಪಾಗಿ ಸಿಕ್ಕಿವೆ. ಬೇಕೆಂದೇ ಸುಟ್ಟರು ಎನ್ನುವ ತಜ್ಞರೇ ಹೆಚ್ಚು. ಹಿತ್ತಲಲ್ಲಿ ತಡಿಕೆಗೆ ಮಣ್ಣು ಮೆತ್ತಿ ಎದೆಯೆತ್ತರದ ಗುಡಿಸಲು ಕಟ್ಟಿ ಬೆಂಕಿ ಇಟ್ಟೆ. ಗೋಡೆ ಕಪ್ಪಾಯಿತು ಅಷ್ಟೆ. ಇನ್ನೊಂದು ಕಟ್ಟಿ, ಒಳಗೆ ಸೌದೆ ಕಿಕ್ಕಿರಿಸಿದಾಗ ಬಾಗಿಲ ಪಕ್ಕ ಅಂಗೈಯಗಲ ಕೆಂಪಾಯಿತು. ಸೌದೆಗೇ 4,000 ಹೋಯಿತು. ಆದರೆ ಊರು ಸುಡುವ ಅಧ್ಯಾಯದಲ್ಲಿ ಹೆಂಗಸರು ವಾರವಿಡೀ ಸೌದೆ ಹೊರುವುದು ಬಂದದ್ದು ಆ ಬೆಂಕಿಯಿಂದಲೇ.

ಓದುಗರು ಹೆಚ್ಚು ಕೇಳುವುದು ಕೊನೆಯ ಪುಟದ ಬಗ್ಗೆ. ಗಂಡ ಸತ್ತವಳಿಗೆ ಆ ಊರಿನಲ್ಲಿ ಬೇರೆ ಹೆಸರೇ ಇರಲಿಲ್ಲ. ಸವಾರರ ಬಿಡಾರದಲ್ಲಿ ಬೆಳೆದ ಹುಡುಗಿ ಒಲೆಯ ಮುಂದೆ ಕೂತ ತಾಯಿಯನ್ನು ತೋರಿಸಿ, ಮೊದಲ ಸಲ, ‘ವಿಧವೆ’ ಎನ್ನುತ್ತಾಳೆ.